ರಸ್ತೆ ಸ್ಥಿತಿಯ ದತ್ತಾಂಶದಿಂದ ವಿನ್ಯಾಸದ ಪರೀಕ್ಷೆ: ಕರಾವಳಿಯ ರಸ್ತೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿಯ ನಡುವೆ ರಸ್ತೆ ಸಮೀಕ್ಷೆಯ ಕೆಲಸದಲ್ಲಿ ಹಲವು ಮಳೆಗಾಲಗಳನ್ನು ಕಂಡ ಮೇಲೆ, ಕಿರಿಯ ಎಂಜಿನಿಯರರು, ಡಿಪ್ಲೊಮಾ ವಿದ್ಯಾರ್ಥಿಗಳು, ಪಂಚಾಯತಿ ಸದಸ್ಯರು, ಕೆಲವೊಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಅಲ್ಲಿ ಹೇಳುವುದಕ್ಕೆ ಹೆಚ್ಚು ಇದೆ.

ಪೇವ್‌ಮೆಂಟ್ ಎಂದರೆ ಫುಟ್‌ಪಾತ್ ಅಲ್ಲವೇ?

ನಮ್ಮ ಮಾತಿನಲ್ಲಿ ಹೌದು, ಎಂಜಿನಿಯರರ ಮಾತಿನಲ್ಲಿ ಅಲ್ಲ. ವಾಹನಗಳು ಓಡುವ ಡಾಂಬರು ಅಥವಾ ಕಾಂಕ್ರೀಟ್ ಮೇಲ್ಮೈ, ಅದರ ಕೆಳಗಿನ ಜಲ್ಲಿಯ ಪದರಗಳು, ಅವೆಲ್ಲವನ್ನೂ ಹೊತ್ತ ಮಣ್ಣು, ಇಷ್ಟೂ ಸೇರಿ ಪೇವ್‌ಮೆಂಟ್. ಈ ಪುಟದಲ್ಲಿ ಆ ಪದ ಬಂದಲ್ಲೆಲ್ಲ ಇದೇ ಅರ್ಥ.

ಪೇವ್‌ಮೆಂಟ್ ನಿರ್ವಹಣಾ ದತ್ತಾಂಶದಲ್ಲಿ ಏನೇನು ಇರುತ್ತದೆ?

ಮುಖ್ಯವಾಗಿ ನಾಲ್ಕು ಬಗೆಯ ಮಾಹಿತಿ ಇರಬೇಕು. ರಸ್ತೆಯನ್ನು ಯಾವಾಗ, ಯಾವ ಪದರಗಳಿಂದ, ಎಷ್ಟು ದಪ್ಪಕ್ಕೆ ಕಟ್ಟಲಾಯಿತು ಎಂಬುದು ಮೊದಲನೆಯದು. ಅದರ ಮೇಲೆ ಎಷ್ಟು ವಾಹನಗಳು, ಯಾವ ಭಾರದಲ್ಲಿ ಓಡಿದವು ಎಂಬುದು ಎರಡನೆಯದು. ಬಿರುಕು, ಹೊಂಡ, ತೇಪೆ, ಚಕ್ರದ ಜಾಡಿನ ಆಳ, ಮೇಲ್ಮೈಯ ಒರಟುತನ ಮುಂತಾಗಿ ಕಣ್ಣಿಗೆ ಮತ್ತು ಉಪಕರಣಕ್ಕೆ ಸಿಗುವ ಸ್ಥಿತಿ ಮೂರನೆಯದು. ಯಾವ ವರ್ಷ ಎಲ್ಲಿ ಯಾವ ದುರಸ್ತಿ ನಡೆಯಿತು ಎಂಬ ಇತಿಹಾಸ ನಾಲ್ಕನೆಯದು. ಇವೆಲ್ಲವೂ ಒಂದೇ ಅಳತೆಗೋಲಿಗೆ, ಅಂದರೆ ರಸ್ತೆಯ ಚೈನೇಜಿಗೆ (ಆರಂಭಬಿಂದುವಿನಿಂದ ರಸ್ತೆಯುದ್ದಕ್ಕೆ ಅಳೆದ ದೂರಕ್ಕೆ), ಕಟ್ಟುಬಿದ್ದಿರಬೇಕು. ಕಿ.ಮೀ. 12.300ರಲ್ಲಿ ಬಿರುಕು ಇದೆ ಎಂದು ಒಂದು ಕಡತ ಹೇಳಿ, ಆ ಜಾಗದ ಜಲ್ಲಿಯ ದಪ್ಪವನ್ನು ಇನ್ನೊಂದು ಕಡತ ಬೇರೆ ಆರಂಭಬಿಂದುವಿನಿಂದ ಎಣಿಸಿದ್ದರೆ ಎರಡೂ ನಿಷ್ಪ್ರಯೋಜಕ. ಹಿಂದೆ 17 ಎನಿಸಿಕೊಂಡಿದ್ದ ಹೆದ್ದಾರಿ 2010ರ ಮರುಸಂಖ್ಯೀಕರಣದಲ್ಲಿ 66 ಆಯಿತು, 48 ಎನಿಸಿಕೊಂಡಿದ್ದ ಬೆಂಗಳೂರು ರಸ್ತೆ 75 ಆಯಿತು. ಹೆದ್ದಾರಿಯ ಹೆಸರು ಬದಲಾದಾಗ ಹಳೆಯ ಕಿಲೋಮೀಟರ್ ಕಲ್ಲನ್ನು ಹೊಸದಕ್ಕೆ ಹೊಂದಿಸುವ ಕೆಲಸವೂ ಬೆನ್ನಿಗೆ ಬರುತ್ತದೆ, ಮತ್ತು ಅದನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ.

ದುರಸ್ತಿಗೆಂದು ಸಂಗ್ರಹಿಸಿದ ಅಂಕಿಗಳು ವಿನ್ಯಾಸ ಸರಿಯಿತ್ತೇ ಎಂಬುದನ್ನು ಹೇಗೆ ಹೇಳುತ್ತವೆ?

ಪ್ರತಿಯೊಂದು ವಿನ್ಯಾಸವೂ ಒಂದು ಭವಿಷ್ಯವಾಣಿ. ಡಾಂಬರು ರಸ್ತೆಗಳಿಗೆ ನಾವು ಬಳಸುವ, ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐ.ಆರ್.ಸಿ.) 37ನೆಯ ಸಂಹಿತೆಯ 2018ರ ಆವೃತ್ತಿಯು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ ಮತ್ತು ನಗರ ರಸ್ತೆಗಳಿಗೆ 20 ವರ್ಷ, ಉಳಿದವಕ್ಕೆ 15 ವರ್ಷದ ವಿನ್ಯಾಸ ಆಯುಷ್ಯವನ್ನು ಹೇಳುತ್ತದೆ. ಆ ಅವಧಿಯಲ್ಲಿ ಹಾದುಹೋಗುವ ಭಾರವನ್ನೆಲ್ಲ ಪ್ರಮಾಣಿತ ಆಕ್ಸಲ್‌ಗಳ (8.17 ಟನ್ ಹೊತ್ತ ಚಕ್ರದ ಅಚ್ಚುಗಳ) ಲೆಕ್ಕಕ್ಕೆ ತಂದು, ಅಷ್ಟು ಆಕ್ಸಲ್‌ಗಳು ಉರುಳುವವರೆಗೆ ಬಿರುಕು ಮೇಲ್ಮೈಯ ಶೇ 20ನ್ನು ಮುಟ್ಟಬಾರದು, ಚಕ್ರದ ಜಾಡಿನ ಸರಾಸರಿ ಆಳ 20 ಮಿ.ಮೀ. ತಲುಪಬಾರದು ಎಂಬ ನಿರೀಕ್ಷೆಯಲ್ಲಿ ಪದರಗಳ ದಪ್ಪವನ್ನು ನಿಗದಿಪಡಿಸುತ್ತಾರೆ. ಹಾಗಾದರೆ ಪರೀಕ್ಷೆಯ ಕ್ರಮ ಸರಳ: ಇಂದಿನವರೆಗೆ ಎಷ್ಟು ಪ್ರಮಾಣಿತ ಆಕ್ಸಲ್‌ಗಳು ಹಾದುಹೋದವು, ಅಷ್ಟಕ್ಕೆ ಸಮೀಕರಣ ಊಹಿಸಿದ ಹಾನಿ ಎಷ್ಟು, ರಸ್ತೆಯ ಮೇಲೆ ಕಂಡ ಹಾನಿ ಎಷ್ಟು ಎಂದು ಅಕ್ಕಪಕ್ಕ ಇಟ್ಟು ನೋಡಬೇಕು.

ಆ ಸಮೀಕರಣಗಳು ಹುಟ್ಟಿದ್ದೂ ಇಂಥದೇ ದತ್ತಾಂಶದಿಂದ. ದೇಶದ ಹಲವೆಡೆ ರಸ್ತೆಗಳ ನಡವಳಿಕೆಯನ್ನು ವರ್ಷಗಟ್ಟಲೆ ದಾಖಲಿಸಿದ ಸಾರಿಗೆ ಸಚಿವಾಲಯದ ಸಂಶೋಧನಾ ಯೋಜನೆಗಳ ಅಂಕಿಗಳಿಂದಲೇ ಅವುಗಳ ಗುಣಾಂಕಗಳನ್ನು ಹೊಂದಿಸಿದ್ದು. ಅಮೆರಿಕದ ಇಲಿನಾಯ್‌ನ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಟ್ರಕ್ಕುಗಳನ್ನು ಸುತ್ತು ಸುತ್ತಿಸಿ ನಡೆಸಿದ ಆಶೋ (ಅಲ್ಲಿಯ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆ, 1987ರಲ್ಲಿ ಆರಂಭವಾಗಿ ಅಮೆರಿಕ ಮತ್ತು ಕೆನಡಾಗಳ 2,500ಕ್ಕೂ ಹೆಚ್ಚು ರಸ್ತೆ ತುಣುಕುಗಳನ್ನು ಗಮನಿಸಿದ ದೀರ್ಘಾವಧಿ ಅಧ್ಯಯನ, ಇವೆಲ್ಲ ಇದೇ ದಾರಿಯವು. ಒಟ್ಟಾವಾದ ಮಣ್ಣು ಚಳಿಗಾಲದಲ್ಲಿ ಹೆಪ್ಪುಗಟ್ಟಿ ವಸಂತದಲ್ಲಿ ಕರಗುವಂಥದ್ದು. ನಮ್ಮದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುತ್ತಲೇ ಇರುವಂಥದ್ದು. ಹೊರಗಿನ ಸಮೀಕರಣವನ್ನು ಬಳಸಬಾರದೆಂದಲ್ಲ, ಇಲ್ಲಿಯ ಅಂಕಿಗಳಿಂದ ಅದನ್ನು ಉಜ್ಜಿ ನೋಡದೆ ನಂಬಬಾರದು.

ಒಂದು ತುಣುಕು ಬೇಗ ಹಾಳಾದರೆ ವಿನ್ಯಾಸ ತಪ್ಪಿತ್ತು ಎನ್ನಬಹುದೇ?

ಹೇಳಲಾಗದು. ಸಂಹಿತೆಯೇ ಮುಖ್ಯ ರಸ್ತೆಗಳಿಗೆ ಶೇ 90ರ ವಿಶ್ವಾಸಾರ್ಹತೆಯನ್ನು ಬೇಡುತ್ತದೆ; 20 ದಶಲಕ್ಷಕ್ಕಿಂತ ಕಡಿಮೆ ಪ್ರಮಾಣಿತ ಆಕ್ಸಲ್‌ಗಳ ಸಣ್ಣ ರಸ್ತೆಗಳಿಗೆ ಶೇ 80 ಸಾಕೆನ್ನುತ್ತದೆ. ಅಂದರೆ ಎಲ್ಲವೂ ಪುಸ್ತಕದಂತೆ ನಡೆದರೂ ಹತ್ತರಲ್ಲಿ ಒಂದು, ಸಣ್ಣ ರಸ್ತೆಗಳಲ್ಲಿ ಐದರಲ್ಲಿ ಒಂದು ತುಣುಕು ಅವಧಿಗೆ ಮೊದಲೇ ಕೈಕೊಡಬಹುದು ಎಂದು ಮೊದಲೇ ಒಪ್ಪಿಕೊಂಡಾಗಿದೆ. ಹತ್ತು ಕಿಲೋಮೀಟರ್ ರಸ್ತೆಯನ್ನು ನೂರು ನೂರು ಮೀಟರಿನ ತುಣುಕುಗಳಾಗಿ ಒಡೆದು, ಅವುಗಳಲ್ಲಿ ಎಷ್ಟು ಮೊದಲೇ ಸೋತವು ಎಂದು ಎಣಿಸಿದಾಗ ಮಾತ್ರ ವಿನ್ಯಾಸದ ಬಗ್ಗೆ ಮಾತಾಡಬಹುದು. ನೂರರಲ್ಲಿ ಎಂಟು ಸೋತಿದ್ದರೆ ಅದು ಸುದ್ದಿಯಲ್ಲ. ನಲವತ್ತು ಸೋತಿದ್ದರೆ, ಅವು ರಸ್ತೆಯುದ್ದಕ್ಕೂ ಚದುರಿವೆಯೋ ಒಂದೆಡೆ ಗುಂಪಾಗಿವೆಯೋ ಎಂದು ನೋಡಬೇಕು. ಚದುರಿದ್ದರೆ ದಪ್ಪ ಅಥವಾ ಸಂಚಾರದ ಲೆಕ್ಕವನ್ನೂ, ಗುಂಪಾಗಿದ್ದರೆ ಆ ಜಾಗದ ಮಣ್ಣನ್ನೂ ನೀರನ್ನೂ ಮೊದಲು ಶಂಕಿಸುವುದು ನನ್ನ ರೂಢಿ.

ಒರಟುತನದ ಅಂಕಿಯನ್ನು ಹೇಗೆ ಓದಬೇಕು?

ಅಂತಾರಾಷ್ಟ್ರೀಯ ಒರಟುತನ ಸೂಚ್ಯಂಕ, ಅಂದರೆ ಐ.ಆರ್.ಐ., 1982ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಪ್ರಯೋಗದ ಫಲ. ಅದನ್ನು ಒಂದು ಕಿಲೋಮೀಟರಿಗೆ ಇಂತಿಷ್ಟು ಮೀಟರ್ ಎಂದು ಬರೆಯುತ್ತಾರೆ. ನಮ್ಮಲ್ಲಿ ಜೀಪಿನ ಹಿಂದೆ ಕಟ್ಟಿ ಗಂಟೆಗೆ 32 ಕಿ.ಮೀ. ವೇಗದಲ್ಲಿ ಎಳೆಯುವ ಬಂಪ್ ಇಂಟಿಗ್ರೇಟರ್ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದರ ಅಂಕಿ ಮಿ.ಮೀ. ಪ್ರತಿ ಕಿ.ಮೀ. ಲೆಕ್ಕದಲ್ಲಿ ಬರುತ್ತದೆ. ಐ.ಆರ್.ಐ.ಯನ್ನು 1.12ರ ಘಾತಕ್ಕೇರಿಸಿ 630ರಿಂದ ಗುಣಿಸಿದರೆ ಬಂಪ್ ಇಂಟಿಗ್ರೇಟರ್ ಅಂಕಿ ಸಿಗುತ್ತದೆ. ಹಾಗಾಗಿ ಐ.ಆರ್.ಐ. 2 ಇದ್ದರೆ ಸುಮಾರು 1,370, 4 ಇದ್ದರೆ ಸುಮಾರು 2,980. ಹಳೆಯ ಸಮೀಕ್ಷೆ ಒಂದು ಮಾನದಲ್ಲಿ, ಹೊಸದು ಇನ್ನೊಂದರಲ್ಲಿ ಇದ್ದಾಗ ಈ ಪರಿವರ್ತನೆಯಿಲ್ಲದೆ ಹೋಲಿಸಿ ‘ರಸ್ತೆ ಸುಧಾರಿಸಿದೆ’ ಎಂದು ವರದಿ ಬರೆದದ್ದನ್ನೂ ನೋಡಿದ್ದೇನೆ.

ಒರಟುತನವು ಪ್ರಯಾಣಿಕನ ಸೊಂಟಕ್ಕೆ ಆಗುವ ನೋವನ್ನು ಚೆನ್ನಾಗಿ ಹೇಳುತ್ತದೆ, ರೋಗದ ಕಾರಣವನ್ನು ಹೇಳುವುದಿಲ್ಲ. ಕೆಟ್ಟದಾಗಿ ಹಾಕಿದ ತೇಪೆಯಿಂದಲೂ, ಮ್ಯಾನ್‌ಹೋಲ್ ಮುಚ್ಚಳ ಎದ್ದುನಿಂತದ್ದರಿಂದಲೂ, ಕೆಳಗಿನ ಮಣ್ಣು ಕುಸಿದದ್ದರಿಂದಲೂ ಒಂದೇ ಅಂಕಿ ಬರಬಹುದು.

ಬಿರುಕು ಮತ್ತು ಚಕ್ರದ ಜಾಡು ಏನನ್ನು ತಿಳಿಸುತ್ತವೆ?

ಇವೆರಡು ಕಾರಣದ ಹತ್ತಿರಕ್ಕೆ ಕರೆದೊಯ್ಯುತ್ತವೆ. ಚಕ್ರ ಓಡುವ ಜಾಗದಲ್ಲೇ ಮೊಸಳೆಯ ಚರ್ಮದಂತೆ ಹೆಣೆದುಕೊಂಡ ಬಿರುಕು ಸಾಮಾನ್ಯವಾಗಿ ಡಾಂಬರು ಪದರದ ಅಡಿಯಿಂದ ಮೇಲೇರಿದ ದಣಿವಿನ ಬಿರುಕು. ದಪ್ಪ ಸಾಲದ್ದಕ್ಕೆ ಅಥವಾ ಕೆಳಗಿನ ಆಧಾರ ಮೆತ್ತಗಾದದ್ದಕ್ಕೆ ಅದು ಸಾಕ್ಷಿ. ಆದರೆ ದಪ್ಪ ಡಾಂಬರಿನ ರಸ್ತೆಗಳಲ್ಲಿ ಬಿರುಕು ಮೇಲಿನಿಂದಲೂ ಶುರುವಾಗುತ್ತದೆ. ಬಿರುಕಿನ ಮೇಲೆಯೇ ಕೊರೆದು ತೆಗೆದ ಕೋರ್ (ಪದರಗಳ ಉರುಳೆಯಾಕಾರದ ತುಂಡು) ನೋಡದೆ ಯಾವುದೆಂದು ತೀರ್ಮಾನಿಸಲಾಗದು.

ಜಾಡಿನ ಆಳವನ್ನು ಅಳೆಯಲು ಈಗ ಲೇಸರ್ ವಾಹನಗಳಿವೆ. ಮೂರು ಮೀಟರಿನ ನೇರ ಪಟ್ಟಿ ಮತ್ತು ಬೆಣೆಯಾಕಾರದ ಅಳತೆಗೋಲಿನಿಂದಲೂ ಅದೇ ಕೆಲಸ ಆಗುತ್ತದೆ. ಬಸ್ ನಿಲ್ದಾಣದ ಮುಂದೆ ಪಟ್ಟಿ ಇಟ್ಟು ಬಗ್ಗಿ ನೋಡಿ: ಜಾಡಿನ ಎರಡೂ ಬದಿಗೆ ಡಾಂಬರು ಉಬ್ಬಿ ದಂಡೆ ಕಟ್ಟಿದ್ದರೆ ಮಿಶ್ರಣವೇ ಬಿಸಿಲಿಗೆ ಮೆತ್ತಗಾಗಿ ಬದಿಗೆ ಸರಿದಿದೆ ಎಂದರ್ಥ. ನಿಂತು ಹೊರಡುವ ಬಸ್ಸುಗಳ ಜಾಗದಲ್ಲಿ ಇದು ಸಾಮಾನ್ಯ, ಮತ್ತು ಅಲ್ಲಿ ಗಟ್ಟಿ ದರ್ಜೆಯ ಬಿಟುಮಿನ್ ಬಳಸಬೇಕಾದ್ದು ವಿನ್ಯಾಸಕ್ಕೆ ಸಿಗುವ ಪಾಠ. ದಂಡೆಯಿಲ್ಲದೆ ಅಗಲವಾದ, ಸೌಮ್ಯವಾದ ತಗ್ಗು ಕಂಡರೆ ಕೆಳಗಿನ ಪದರ ಅಥವಾ ಮಣ್ಣು ಒತ್ತಿಹೋಗಿದೆ. ಅಂಥಲ್ಲಿ ಮೇಲೆ ಹೊಸ ಡಾಂಬರು ಸುರಿದರೆ ಎರಡು ವರ್ಷದಲ್ಲಿ ಅದೇ ತಗ್ಗು ಮತ್ತೆ ಕಾಣಿಸಿಕೊಳ್ಳುತ್ತದೆ.

ಬೆಂಕಲ್ಮನ್ ಬೀಮ್ ಹಳೆಯದಾಯಿತಲ್ಲವೇ?

ಹಳೆಯದು ನಿಜ, ಆದರೆ ಭಾರಕ್ಕೆ ರಸ್ತೆ ಎಷ್ಟು ಕುಸಿಯುತ್ತದೆ ಎಂದು ಅಳೆಯುವ, ಮರ್ಯಾದೆಗೆ ತಕ್ಕ ಉಪಕರಣ. ಹಿಂದಿನ ಆಕ್ಸಲಿನಲ್ಲಿ 8,170 ಕೆ.ಜಿ. ಭಾರ ಹೊತ್ತ ಲಾರಿಯ ಜೋಡಿ ಚಕ್ರಗಳ ನಡುವೆ ಉದ್ದನೆಯ ಬೀಮಿನ ತುದಿಯನ್ನು ಇಟ್ಟು, ಲಾರಿ ನಿಧಾನವಾಗಿ ಮುಂದೆ ಸರಿದಂತೆ ರಸ್ತೆ ಎಷ್ಟು ಮೇಲೇಳುತ್ತದೆ ಎಂದು ಡಯಲ್ ಗೇಜಿನಲ್ಲಿ ಓದುತ್ತಾರೆ. ಬೀಮಿನ ಅನುಪಾತ ಎರಡಕ್ಕೊಂದು ಆದ್ದರಿಂದ ಓದಿದ ವ್ಯತ್ಯಾಸವನ್ನು ಎರಡರಿಂದ ಗುಣಿಸಬೇಕು. ಐ.ಆರ್.ಸಿ. 81ರ 1997ರ ಆವೃತ್ತಿಯ ಪ್ರಕಾರ 35 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಲು ಪ್ರತಿ ಡಿಗ್ರಿಗೆ 0.01 ಮಿ.ಮೀ. ತಿದ್ದುಪಡಿ ಬೇಕು, ಮಣ್ಣಿನ ತೇವಾಂಶಕ್ಕೆ ಬೇರೆ ತಿದ್ದುಪಡಿ ಬೇಕು. ಡಯಲಿನ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುವಾಗ, ಪಕ್ಕದಲ್ಲಿ ಹಾರ್ನ್ ಬಾರಿಸುತ್ತ ಒಂದು ಎಕ್ಸ್‌ಪ್ರೆಸ್ ಬಸ್ಸು ಹಾದುಹೋದರೆ ಆ ಓದಿಗೆ ಅರ್ಥವಿಲ್ಲ, ಮೊದಲಿನಿಂದ ಮಾಡಬೇಕು. ನಮ್ಮ ಕರಾವಳಿಯ ಬಸ್ಸುಗಳ ವೇಗ ಬಲ್ಲವರಿಗೆ ಈ ಕಷ್ಟ ಅರ್ಥವಾದೀತು.

ಈಗಿನ ಫಾಲಿಂಗ್ ವೇಟ್ ಡಿಫ್ಲೆಕ್ಟೊಮೀಟರ್, ಐ.ಆರ್.ಸಿ. 115ರ 2014ರ ಮಾರ್ಗಸೂಚಿಯಂತೆ, ತಟ್ಟೆಯ ಮೇಲೆ ತೂಕ ಬೀಳಿಸಿ ಸುತ್ತಲಿನ ಕುಸಿತವನ್ನು ಸಾಲಾಗಿಟ್ಟ ಜಿಯೋಫೋನುಗಳಿಂದ (ನೆಲದ ಅಲುಗಾಟ ಗ್ರಹಿಸುವ ಸಂವೇದಕಗಳಿಂದ) ಅಳೆಯುತ್ತದೆ. ಬೀಮ್ ಒಂದು ಅಂಕಿ ಕೊಡುತ್ತಿದ್ದರೆ ಇದು ಇಡೀ ತಗ್ಗಿನ ಆಕಾರವನ್ನು ಕೊಡುತ್ತದೆ. ದೂರದ ಜಿಯೋಫೋನುಗಳಲ್ಲಿ ಕುಸಿತ ಹೆಚ್ಚಿದ್ದರೆ ಮಣ್ಣು ದುರ್ಬಲ. ದೂರದಲ್ಲಿ ಕಡಿಮೆಯಿದ್ದು ತಟ್ಟೆಯ ಸಮೀಪ ಮಾತ್ರ ಹೆಚ್ಚಿದ್ದರೆ ಮೇಲಿನ ಪದರಗಳು ದುರ್ಬಲ. ವಿನ್ಯಾಸಕಾರ ಕಾಗದದ ಮೇಲೆ ಊಹಿಸಿದ ಪದರಗಳ ಬಿಗಿತವನ್ನು, ರಸ್ತೆ ನಿಜವಾಗಿ ತೋರಿಸುವ ಬಿಗಿತದೊಡನೆ ಹೋಲಿಸಲು ಇದಕ್ಕಿಂತ ನೇರ ದಾರಿಯಿಲ್ಲ.

ವಾಹನಗಳನ್ನು ಎಣಿಸಿದರೆ ಸಾಲದೇ? ಆಕ್ಸಲ್ ತೂಕ ಏಕೆ ಬೇಕು?

ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ನಾಲ್ಕು ಟೈರುಗಳ ಒಂಟಿ ಆಕ್ಸಲಿಗೆ 2018ರಲ್ಲಿ ಕಾನೂನು ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಲಾಯಿತು. 8.17 ಟನ್‌ನ ಪ್ರಮಾಣಿತ ಆಕ್ಸಲಿಗೆ ಹೋಲಿಸಿದರೆ ಹಳೆಯ ಮಿತಿಯ ಆಕ್ಸಲ್ ಸುಮಾರು 2.4 ಪಟ್ಟು, ಹೊಸ ಮಿತಿಯದು ಸುಮಾರು 3.9 ಪಟ್ಟು ಹಾನಿ ಮಾಡುತ್ತದೆ. ತೂಕದಲ್ಲಿ ಶೇ 13ರಷ್ಟು ಏರಿಕೆ, ಹಾನಿಯಲ್ಲಿ ಶೇ 60ಕ್ಕೂ ಹೆಚ್ಚು. ಅದಕ್ಕೆ ಮೊದಲು ವಿನ್ಯಾಸಗೊಂಡ ರಸ್ತೆ ಬೇಗ ದಣಿದರೆ ವಿನ್ಯಾಸಕಾರನನ್ನು ದೂರುವುದು ನ್ಯಾಯವಲ್ಲ.

ಪಣಂಬೂರಿನ ಬಂದರಿನ ಕಾರಣದಿಂದ ನಮ್ಮ ಜಿಲ್ಲೆಯಲ್ಲಿ ದಿಕ್ಕೂ ಮುಖ್ಯ. ಅದಿರು ಬರುವಾಗ ಲಾರಿ ಬಂದರಿನ ಕಡೆಗೆ ತುಂಬಿರುತ್ತದೆ, ಕಲ್ಲಿದ್ದಲು ಹೊರಡುವಾಗ ಬಂದರಿನಿಂದ ಆಚೆಗೆ. ಒಂದೇ ವಿನ್ಯಾಸ, ಒಂದೇ ಮಳೆ, ಒಂದೇ ವರ್ಷದ ಎರಡು ಪಥಗಳಲ್ಲಿ ಒಂದು ಮಾತ್ರ ಬಿರುಕು ಬಿಟ್ಟಿದ್ದರೆ, ಅದು ಯಾರೂ ಖರ್ಚು ಮಾಡದೆ ಸಿಕ್ಕ ಪ್ರಯೋಗ. ಎರಡೂ ಪಥಗಳನ್ನು ಸೇರಿಸಿ ಸರಾಸರಿ ಬರೆಯುವ ಸಮೀಕ್ಷೆ ಇದನ್ನು ಒರೆಸಿಹಾಕುತ್ತದೆ.

ಇಲ್ಲಿಯ ರಸ್ತೆಗಳು ಭಾರದಿಂದ ಹಾಳಾಗುತ್ತವೆಯೋ, ಮಳೆಯಿಂದಲೋ?

ನನ್ನ ಅನುಭವದಲ್ಲಿ, ಹೆದ್ದಾರಿಗಳನ್ನು ಬಿಟ್ಟರೆ, ಹೆಚ್ಚಾಗಿ ನೀರಿನಿಂದ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಣ್ಣಿನ ಬಲವನ್ನು ಅಳೆಯುವ ಸಿ.ಬಿ.ಆರ್. ಪರೀಕ್ಷೆಯಲ್ಲಿ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸುತ್ತಾರೆ. ಇಲ್ಲಿಯ ರಸ್ತೆ ನಾಲ್ಕು ತಿಂಗಳು ನೆನೆಯುತ್ತದೆ. ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣಗಳ ಶೇಡಿ ಮಣ್ಣು, ಇದು ನಮ್ಮ ಗುಡ್ಡಗಳ ರಚನೆ. ಒಣಗಿದ್ದಾಗ ಶೇಡಿ ಮಣ್ಣು ಕಡಿದಾದ ಗೋಡೆಯಂತೆ ನಿಲ್ಲುತ್ತದೆ, ನೀರು ಹೊಕ್ಕಾಗ ಬಲವನ್ನೆಲ್ಲ ಬಿಟ್ಟುಕೊಡುತ್ತದೆ.

ಕೆಲವು ವರ್ಷಗಳ ಹಿಂದೆ ಕಾಪು ಸಮೀಪದ ಒಂದು ರಸ್ತೆಯ ಅಂಕಿಗಳು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದವು. ಗದ್ದೆಯ ನಡುವೆ ಏರಿ ಹಾಕಿ ಕಟ್ಟಿದ ಭಾಗ ಚೆನ್ನಾಗಿತ್ತು. ಗುಡ್ಡ ಕಡಿದು ಮಾಡಿದ ಭಾಗ, ಎರಡೂ ಬದಿ ಮುರಕಲ್ಲಿನ ದರೆಯಿದ್ದ ಗಟ್ಟಿ ಜಾಗ, ಎಡ ಅಂಚಿನುದ್ದಕ್ಕೂ ಮೊಸಳೆ ಬಿರುಕು ಬಿಟ್ಟಿತ್ತು. ದಪ್ಪ ಒಂದೇ, ಗುತ್ತಿಗೆ ಒಂದೇ, ಓಡುವ ವಾಹನಗಳೂ ಅವೇ. ಅಕ್ಟೋಬರಿನಲ್ಲಿ ಅಂಚಿನಲ್ಲಿ ಗುಂಡಿ ತೆಗೆಸಿದೆವು. ಡಾಂಬರು ಎತ್ತಿದ ಕೂಡಲೆ ಜಲ್ಲಿಯ ಪದರದಿಂದ ನೀರು ಜಿನುಗಿ ಗುಂಡಿಯ ತಳದಲ್ಲಿ ಬೆರಳೆತ್ತರ ನಿಂತಿತು. ಇನ್ನಷ್ಟು ಅಗೆದಾಗ ಗುಲಾಬಿ ಬಣ್ಣದ ಶೇಡಿ ಮಣ್ಣು ಹಾರೆಗೆ ಅಂಟಿಕೊಂಡು ಬಂತು, ಕಾರ್ಮಿಕರೊಬ್ಬರು ಅದನ್ನು ಕತ್ತಿಯಿಂದ ಕೆರೆದು ತೆಗೆಯಬೇಕಾಯಿತು. ಮಳೆ ನಿಂತು ವಾರ ಕಳೆದಿತ್ತು. ಎಡಬದಿಯ ತೋಡನ್ನು ಹಿಂಬಾಲಿಸಿ ನಡೆದಾಗ, ಸಾಲಾಗಿ ಮನೆಗಳ ಗೇಟಿನ ಮುಂದೆ ಅದನ್ನು ಮುಚ್ಚಿದ್ದು ಕಂಡಿತು. ಕೆಲವೆಡೆ ಪೈಪು ಇತ್ತು, ಕೆಲವೆಡೆ ಅದೂ ಇರಲಿಲ್ಲ. ಗದ್ದೆಯ ಏರಿಗೆ ನೀರು ಇಳಿದುಹೋಗಲು ಎರಡೂ ಬದಿ ಜಾಗವಿತ್ತು, ಗುಡ್ಡದ ಭಾಗ ಮಾತ್ರ ತೊಟ್ಟಿಯಾಗಿತ್ತು. ನೀರು ಬಸಿಯಲೆಂದೇ ಹಾಕುವ ಕೆಳಗಿನ ಜಲ್ಲಿ ಪದರ ಬದಿಯ ಇಳಿಜಾರಿನವರೆಗೆ ಹೋಗಿ ಬಾಯಿ ತೆರೆದಿರಬೇಕು. ಇಲ್ಲಿ ಅದು ಮಣ್ಣಿನ ಅಂಚಿನೊಳಗೇ ಮುಗಿದಿತ್ತು.

ಬಿರುಕು ಮತ್ತು ದಪ್ಪದ ಕಾಲಮ್ಮುಗಳನ್ನು ಮಾತ್ರ ನೋಡಿದ್ದರೆ ದಪ್ಪ ಹೆಚ್ಚಿಸಿ ಎಂದು ನಾನೂ ಬರೆಯುತ್ತಿದ್ದೆ. ತೋಡಿನ ಸ್ಥಿತಿಗೆ ಆ ಸಮೀಕ್ಷೆಯ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. ಅಂದಿನಿಂದ ನಾನು ತಯಾರಿಸುವ ಪ್ರತಿ ನಮೂನೆಯಲ್ಲೂ ಮೂರು ಹೆಚ್ಚಿನ ಕಾಲಮ್ಮುಗಳಿವೆ: ಕಡಿತವೋ ಏರಿಯೋ, ತೋಡು ಹರಿಯುತ್ತದೆಯೋ, ಅಂಚಿನ ಮಣ್ಣು ಡಾಂಬರಿಗಿಂತ ಎತ್ತರವೋ ತಗ್ಗೋ.

ಸಮೀಕ್ಷೆಗೆ ಯಾವ ತಿಂಗಳು ಸೂಕ್ತ?

ಕುಸಿತದ ಅಳತೆಗೆ ಮಳೆಗಾಲ ಮುಗಿದ ಕೂಡಲೆ, ರಸ್ತೆ ಅತಿ ದುರ್ಬಲವಾಗಿರುವಾಗ. ಆರ್ಥಿಕ ವರ್ಷದ ಕೊನೆಯೆಂದು ಮಾರ್ಚಿನಲ್ಲಿ ಅಳೆದರೆ ಒಣಗಿದ ಶೇಡಿ ಮಣ್ಣು ತನ್ನ ಒಳ್ಳೆಯ ಮುಖವನ್ನೇ ತೋರಿಸುತ್ತದೆ. ಬಿರುಕಿನ ಸಮೀಕ್ಷೆ ಮಾತ್ರ ಒದ್ದೆ ರಸ್ತೆ ಒಣಗುತ್ತಿರುವ ಹೊತ್ತಿನಲ್ಲಿ ಬಹಳ ಚೆನ್ನಾಗಿ ಆಗುತ್ತದೆ. ಬಿರುಕಿನೊಳಗಿನ ತೇವ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವರ್ಷ ಅದೇ ತಿಂಗಳಲ್ಲಿ ಮಾಡಬೇಕು.

ಹಳೆಯ ರಸ್ತೆಗಳೇ ಗಟ್ಟಿ ಎಂದು ಅಂಕಿಗಳೂ ತೋರಿಸುತ್ತವೆ. ನಿಜವೇ?

ಇದು ದತ್ತಾಂಶದ ಬಲೆ. ಬೇಗ ಹಾಳಾದ ತುಣುಕುಗಳಿಗೆ ಹೊಸ ಡಾಂಬರು ಬಿದ್ದು, ಅವುಗಳ ವಯಸ್ಸು ಕಡತದಲ್ಲಿ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ‘15 ವರ್ಷ’ ಎಂಬ ಸಾಲಿನಲ್ಲಿ ಉಳಿಯುವುದು ಬದುಕುಳಿದವು ಮಾತ್ರ. ಸೋತವುಗಳ ಹಳೆಯ ದಾಖಲೆಯನ್ನು ಅಳಿಸದೆ, ಅವು ಯಾವ ವಯಸ್ಸಿನಲ್ಲಿ, ಎಷ್ಟು ಆಕ್ಸಲ್‌ಗಳ ನಂತರ, ಯಾವ ಸ್ಥಿತಿಯಲ್ಲಿ ಸೋತವು ಎಂದು ಉಳಿಸಿಕೊಂಡರೆ ಮಾತ್ರ ಆಯುಷ್ಯದ ಲೆಕ್ಕ ನೇರವಾಗುತ್ತದೆ. ದುರಸ್ತಿಯಾದ ಮೇಲೆ ಹಳೆಯ ಸಾಲನ್ನು ತಿದ್ದಿ ಬರೆಯುವ ಎಕ್ಸೆಲ್ ಕಡತ ಈ ವಿಷಯದಲ್ಲಿ ದೊಡ್ಡ ಅಪರಾಧಿ.

ಮಂಗಳೂರಿನ ಕಾಂಕ್ರೀಟ್ ರಸ್ತೆಗಳಿಗೆ ಇದೇ ವಿಧಾನ ಅನ್ವಯಿಸುತ್ತದೆಯೇ?

ತತ್ತ್ವ ಒಂದೇ, ಅಳತೆಗಳು ಬೇರೆ. ಅಲ್ಲಿ ಜಾಡಿನ ಆಳವಿಲ್ಲ. ಚಪ್ಪಡಿಗಳ ಕೀಲಿನಲ್ಲಿ ಒಂದು ಮತ್ತೊಂದಕ್ಕಿಂತ ಎಷ್ಟು ತಗ್ಗಿದೆ, ಮೂಲೆ ಮುರಿದಿದೆಯೇ, ಕೀಲಿನ ತುಂಬು ಉಳಿದಿದೆಯೇ ಎಂದು ನೋಡುತ್ತಾರೆ. ಮಳೆಯಲ್ಲಿ ಲಾರಿ ಹಾಯುವಾಗ ಕೀಲಿನಿಂದ ಕೆಸರುನೀರು ಚಿಮ್ಮಿದರೆ ಕೆಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ನಾಲ್ಕನೆಯ ಘಾತದ ನಿಯಮವನ್ನೂ ಇಲ್ಲಿಗೆ ಹೊತ್ತುತರಬಾರದು. ಐ.ಆರ್.ಸಿ. 58ರ ಪ್ರಕಾರ ಚಪ್ಪಡಿಯಲ್ಲಿ ಉಂಟಾಗುವ ಒತ್ತಡ ಅದರ ಬಾಗುಬಲದ 0.45ಕ್ಕಿಂತ ಕಡಿಮೆಯಿದ್ದರೆ ಎಷ್ಟು ಬಾರಿ ಭಾರ ಹಾಯ್ದರೂ ದಣಿವಿಲ್ಲ. ಹಾನಿಯೆಲ್ಲ ಕೆಲವೇ ಅತಿಭಾರದ ಆಕ್ಸಲ್‌ಗಳಿಂದ ಬರುತ್ತದೆ. ಆದ್ದರಿಂದ ಸರಾಸರಿ ತೂಕಕ್ಕಿಂತ ಅತಿ ಭಾರದ ವಾಹನಗಳ ದಾಖಲೆ ಬೇಕು.

ನಗರದಲ್ಲಿ ಇನ್ನೊಂದು ತೊಡಕು ಪೈಪು ಮತ್ತು ಕೇಬಲಿಗಾಗಿ ಕತ್ತರಿಸುವುದು. ಕತ್ತರಿಸಿದ ಚಪ್ಪಡಿಯ ಸೋಲನ್ನು ಮೂಲ ವಿನ್ಯಾಸದ ಖಾತೆಗೆ ಹಾಕಬಾರದು. ಕತ್ತರಿಸಿದ ದಿನಾಂಕ ಮತ್ತು ಜಾಗ ದಾಖಲೆಯಲ್ಲಿ ಇರಬೇಕು.

ನೂರಕ್ಕೆ ಇಷ್ಟು ಎಂಬ ಒಂದೇ ಅಂಕ ಸಾಲದೇ?

ಯಾವ ರಸ್ತೆಗೆ ಮೊದಲು ಹಣ ಕೊಡಬೇಕೆಂದು ತೀರ್ಮಾನಿಸಲು ಸಾಕು. ಅಮೆರಿಕದ ಸೇನಾ ಎಂಜಿನಿಯರರು ರೂಪಿಸಿದ, ಸೊನ್ನೆಯಿಂದ ನೂರರವರೆಗಿನ ಪಿ.ಸಿ.ಐ., ಅಂದರೆ ಪೇವ್‌ಮೆಂಟ್ ಸ್ಥಿತಿ ಸೂಚ್ಯಂಕ, ಅಂಥದ್ದು. ವಿನ್ಯಾಸದ ಪರೀಕ್ಷೆಗೆ ಆ ಅಂಕ ಬೇಡ, ಅದರ ಹಿಂದಿನ ಬಿಡಿ ಅಳತೆಗಳು ಬೇಕು. 55 ಅಂಕ ಪಡೆದ ಎರಡು ರಸ್ತೆಗಳಲ್ಲಿ ಒಂದಕ್ಕೆ ಬಿರುಕು, ಇನ್ನೊಂದಕ್ಕೆ ಜಲ್ಲಿ ಕಿತ್ತುಬರುವ ರೋಗ ಇರಬಹುದು.

ಪಂಚಾಯತಿ ಮಟ್ಟದಲ್ಲಿ ಇದನ್ನು ಮಾಡಲು ಸಾಧ್ಯವೇ?

ಸಾಧ್ಯ, ಮತ್ತು ಲೇಸರ್ ವಾಹನ ಬೇಡ. ಒಂದು ಟೇಪು, ನೇರ ಪಟ್ಟಿ, ಜಿ.ಪಿ.ಎಸ್. ಇರುವ ಫೋನು, ನೂರು ಮೀಟರಿಗೊಂದು ಬಣ್ಣದ ಗುರುತು ಸಾಕು. ಐ.ಆರ್.ಸಿ. 82ರ 2015ರ ಆವೃತ್ತಿ ಬಿರುಕು, ಹೊಂಡ, ತೇಪೆ, ಜಾಡು ಮುಂತಾದವನ್ನು ನೋಡಿ ರಸ್ತೆಗೆ ದರ್ಜೆ ಕೊಡುವ ಸರಳ ಕ್ರಮವನ್ನು ಹೇಳುತ್ತದೆ. ಇಬ್ಬರು ಒಂದು ಬೆಳಿಗ್ಗೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ನಡೆದು ಮುಗಿಸಬಹುದು. ಹೊಸಬರಿಬ್ಬರಿಗೂ ಅದೇ ತುಣುಕನ್ನು ಬೇರೆ ಬೇರೆಯಾಗಿ ಅಂದಾಜಿಸಲು ಹೇಳಿ, ಅಂಕಿಗಳು ಎಷ್ಟು ಭಿನ್ನವಾಗಿವೆ ಎಂದು ಮೊದಲು ನೋಡಿಕೊಳ್ಳಿ. ಆ ವ್ಯತ್ಯಾಸಕ್ಕಿಂತ ಚಿಕ್ಕದಾದ ಬದಲಾವಣೆಯನ್ನು ಮುಂದಿನ ವರ್ಷ ಕಂಡರೆ ಅದಕ್ಕೆ ಬೆಲೆ ಕೊಡಬೇಡಿ.

ನಮ್ಮ ಊರಿನ ರಸ್ತೆಯ ಬಗ್ಗೆ ಮಾಹಿತಿ ಹಕ್ಕಿನಡಿ ಏನು ಕೇಳಬೇಕು?

ಬಹಳ ಮಂದಿ ಖರ್ಚಾದ ಮೊತ್ತವನ್ನು ಕೇಳುತ್ತಾರೆ. ಅದರಿಂದ ರಸ್ತೆಯ ಬಗ್ಗೆ ಹೆಚ್ಚು ತಿಳಿಯುವುದಿಲ್ಲ. ವಿನ್ಯಾಸಕ್ಕೆ ಹಿಡಿದ ಸಿ.ಬಿ.ಆರ್. ಎಷ್ಟು, ಎಷ್ಟು ದಶಲಕ್ಷ ಪ್ರಮಾಣಿತ ಆಕ್ಸಲ್‌ಗಳಿಗೆ ವಿನ್ಯಾಸಗೊಂಡಿದೆ, ಪದರಗಳ ದಪ್ಪ ನಕ್ಷೆಯಲ್ಲಿ ಎಷ್ಟು, ಕೋರ್ ತೆಗೆದಾಗ ಸಿಕ್ಕಿದ್ದು ಎಷ್ಟು, ಸಾಂದ್ರತೆಯ ಪರೀಕ್ಷಾ ವರದಿ ಎಲ್ಲಿದೆ ಎಂದು ಕೇಳಿ. ನಕ್ಷೆಯ ದಪ್ಪಕ್ಕೂ ಕೋರಿನ ದಪ್ಪಕ್ಕೂ ವ್ಯತ್ಯಾಸವಿದ್ದರೆ ಅದು ನಿರ್ಮಾಣದ ಪ್ರಶ್ನೆ. ಎರಡೂ ಸರಿಯಿದ್ದು ರಸ್ತೆ ಸೋತಿದ್ದರೆ ವಿನ್ಯಾಸದ ಪ್ರಶ್ನೆ. ಜೊತೆಗೆ ಬದಿಯ ತೋಡು ಎಲ್ಲಿಂದ ಎಲ್ಲಿಗೆ ಹರಿದು ಯಾವ ಮೋರಿಯಲ್ಲಿ ಸೇರುತ್ತದೆ ಎಂಬ ನಕ್ಷೆಯ ಪ್ರತಿಯನ್ನೂ ಕೇಳಿ, ಸಿಕ್ಕರೆ ಅದನ್ನು ಹಿಡಿದುಕೊಂಡು ಜೂನ್ ತಿಂಗಳ ಒಂದು ಜೋರು ಮಳೆಯಲ್ಲಿ ಆ ರಸ್ತೆಯುದ್ದಕ್ಕೂ ಕೊಡೆ ಹಿಡಿದು ನಡೆಯಿರಿ.